ಜಟಕಾ ಸಾಹೇಬರ ಮೊಮ್ಮಗನ ಆಟೋದಲ್ಲಿ

ಶಿವಮೊಗ್ಗ ಕಡೆಯವರಾದ ನಮಗೆ ಕವಿಗಳ ವಿಷಯ ಬಂದರೆ ಜಂಬ ಸ್ವಲ್ಪ ಜಾಸ್ತಿ. ಅದಕ್ಕೆ ಕಾರಣವೂ ಇದೆ. ಕನ್ನಡಕ್ಕೆ ಇದುವರೆಗೆ ಸಿಕ್ಕಿರುವುದು ಮೂವರು ರಾಷ್ಟ್ರಕವಿಗಳು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ಆಗಿನ ಮದ್ರಾಸ್ ಸರ್ಕಾರ ಬಿರುದು ಕೊಟ್ಟಿತು. ಆಮೇಲೆ 1964ರಲ್ಲಿ ಕುವೆಂಪು, 2006ರಲ್ಲಿ ಜಿ.ಎಸ್. ಶಿವರುದ್ರಪ್ಪ. ಈ ಇಬ್ಬರೂ ನಮ್ಮವರು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಅಂತ ಚಿಕ್ಕಮಗಳೂರಿನವರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಕುಪ್ಪಳಿ ನಮ್ಮ ತೀರ್ಥಹಳ್ಳಿಯಲ್ಲಿದೆ, ಸಾಕು.

ನೆಂಟರು ಬಂದರೆ ಕವಿಮನೆ ತೋರಿಸುತ್ತೇವೆ, ಕವಿಶೈಲ ಹತ್ತಿಸುತ್ತೇವೆ, ಕೆಳಗಿಳಿದು ಕಾಫಿ ಕುಡಿಸುತ್ತೇವೆ. ಹೀಗೆ ಬೆಳೆದವರಿಗೆ ಬೆಂಗಳೂರಿನ ಕವಿ ಯಾರು ಅಂತ ಕೇಳಿದರೆ ನಗು ಬರುತ್ತದೆ. ಅಷ್ಟು ದೊಡ್ಡ ಊರಿಗೆ ಎಂಥ ಕವಿ? ಅಲ್ಲಿರುವುದು ಟ್ರಾಫಿಕ್ಕು.

ಅಕ್ಕನ ಮಗನ ಮದುವೆಗೆ ಹೋಗಿ ಬಂದ ಮೇಲೆ ಹಾಗೆ ಹೇಳುವುದನ್ನು ನಿಲ್ಲಿಸಿದ್ದೇನೆ. ಮದುವೆಯ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ಊಟ ಚೆನ್ನಾಗಿತ್ತು, ಫೋಟೋದವನ ಕಾಟ ಜಾಸ್ತಿಯಿತ್ತು. ಬರೆಯಬೇಕಾದದ್ದು ಚಾಮರಾಜಪೇಟೆಯಲ್ಲಿ ಸಿಕ್ಕಿಹಾಕಿಕೊಂಡ ಒಂದು ಆಟೋದ ಬಗ್ಗೆ.

ಅದಕ್ಕೆ ಮೊದಲು ಬಸ್ಸಿನ ಕತೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಹೊಟ್ಟೆಯುರಿ ಇಳಿಯುವುದಿಲ್ಲ. ರಾತ್ರಿ ಸ್ಲೀಪರ್ ಬಸ್ಸು. ಯಾವುದು ಅಂತ ಹೇಳುವುದಿಲ್ಲ. ಟಿಕೆಟ್ಟಿನಲ್ಲಿ ಮೆಜೆಸ್ಟಿಕ್ ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಬೆಳಗಿನ ಜಾವ ಕ್ಲೀನರ್ ಬಂದು ಕಾಲು ಅಲ್ಲಾಡಿಸಿದ. ‘ಬೆಂಗಳೂರು ಬಂತು, ಇಳೀರಿ’ ಅಂದ. ಇಳಿದು ನೋಡಿದರೆ ದಾಸರಹಳ್ಳಿ. ‘ಇದು ಮೆಜೆಸ್ಟಿಕ್ಕಾ?’ ಅಂದರೆ, ‘ಗಾಡಿ ಒಳಗೆ ಹೋಗಲ್ಲ ಸಾರ್, ಎದುರಿಗೇ ಮೆಟ್ರೋ ಇದೆ’ ಅಂದ. ಮೆಟ್ರೋ ಎದುರಿಗೇ ಇತ್ತು, ನಿಜ. ಆದರೆ ಅವತ್ತು ಭಾನುವಾರ. ಭಾನುವಾರ ಮೊದಲ ರೈಲು ಏಳು ಗಂಟೆಗೆ. ಅಲ್ಲಿಯವರೆಗೆ ಮದುವೆಯ ರೇಷ್ಮೆ ಸೀರೆಗಳ ಸೂಟ್‌ಕೇಸ್ ಹಿಡಿದುಕೊಂಡು, ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಬೀದಿನಾಯಿಗಳ ಜೊತೆ ಕೂತಿದ್ದೆ. ನೀವು ಆ ಕಡೆಯಿಂದ ಬರುವವರಾದರೆ ಟಿಕೆಟ್ ತೆಗೆಯುವ ಮೊದಲು ಫೋನ್ ಮಾಡಿ, ಕೊನೆಯ ಸ್ಟಾಪ್ ನಿಜವಾಗಿ ಎಲ್ಲಿ ಅಂತ ಕೇಳಿ. ಶನಿವಾರ ರಾತ್ರಿ ಹೊರಡಲೇಬೇಡಿ. ಹಗಲಿನ ರೈಲು ಹಿಡಿಯಿರಿ. ನಿದ್ದೆಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ.

ಕಡೆಗೂ ಹಸಿರು ಮಾರ್ಗದ ರೈಲು ಬಂತು. ಪೀಣ್ಯ, ಯಶವಂತಪುರ, ರಾಜಾಜಿನಗರ ದಾಟಿತು. ಆಮೇಲೆ ‘ಮುಂದಿನ ನಿಲ್ದಾಣ ಕುವೆಂಪು ರಸ್ತೆ’ ಅಂತ ಕೇಳಿಸಿತು. ನಿದ್ದೆಗಣ್ಣಲ್ಲೂ ಎದೆ ಸ್ವಲ್ಪ ಉಬ್ಬಿತು. ನೋಡಿ, ಬೆಂಗಳೂರಿನವರೂ ನಮ್ಮ ಕವಿಯ ಹೆಸರನ್ನೇ ಇಟ್ಟುಕೊಂಡಿದ್ದಾರೆ ಅಂದುಕೊಂಡೆ. ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ ವಿಜಯನಗರದ ಅಕ್ಕನ ಮನೆ ಸೇರಿದೆ. ಅಲ್ಲಿಂದ ಮುಂದೆ ಹೂವು, ಹಣ್ಣು, ಬ್ಲೌಸ್, ಛತ್ರ ಅಂತ ಓಡಾಡಿದ್ದೇ ಓಡಾಡಿದ್ದು.

ಛತ್ರ ಇದ್ದದ್ದು ಬಸವನಗುಡಿಯಲ್ಲಿ. ಹಿಂದಿನ ದಿನ ಮಧ್ಯಾಹ್ನ, ಅಕ್ಕ ಮರೆತುಬಿಟ್ಟಿದ್ದ ಬೆಳ್ಳಿ ತಟ್ಟೆ ತಲುಪಿಸಬೇಕು ಅಂತ ಆಟೋ ಹತ್ತಿದೆ. ಡ್ರೈವರಿಗೆ ಅರವತ್ತು ದಾಟಿರಬೇಕು. ಖಾಕಿ ಅಂಗಿ, ಬಿಳಿ ಗಡ್ಡ, ತಲೆಗೆ ಟೋಪಿ. ಹತ್ತುವಾಗಲೇ ಆಟೋದ ಹಿಂಭಾಗ ನೋಡಿದ್ದೆ. ದಪ್ಪ ಹಳದಿ ಅಕ್ಷರದಲ್ಲಿ ‘ಬದುಕು ಜಟಕಾಬಂಡಿ’ ಅಂತಿತ್ತು. ಡಿವಿಜಿಯವರ ಮಂಕುತಿಮ್ಮನ ಕಗ್ಗದ ಒಂದು ಪದ್ಯದ ಶುರು ಅದು. ಅದೇನು ವಿಶೇಷ ಅಲ್ಲ ಬಿಡಿ. ರಾಜ್ಯದ ಅರ್ಧ ಆಟೋಗಳ ಬೆನ್ನ ಮೇಲೆ ಅದೇ ಇರುತ್ತದೆ, ಉಳಿದ ಅರ್ಧದ ಮೇಲೆ ಅಮ್ಮನ ಆಶೀರ್ವಾದ ಇರುತ್ತದೆ.

ಚಾಮರಾಜಪೇಟೆ ತಲುಪುವ ಹೊತ್ತಿಗೆ ಎಲ್ಲ ನಿಂತುಹೋಯಿತು. ಮುಂದೆ ರಸ್ತೆ ಅಗೆದಿದ್ದರು, ಅದರ ಮಧ್ಯೆ ಒಂದು ಲಾರಿ ಅಡ್ಡ ನಿಂತಿತ್ತು. ಡ್ರೈವರು ಎಂಜಿನ್ ಆಫ್ ಮಾಡಿ, ಕಾಲು ಮಡಚಿ, ಹಿಂದಕ್ಕೆ ತಿರುಗಿ ಕೂತರು.

‘ಎಲ್ಲಿಗೆ ಸಾರ್, ಮದುವೆಗಾ?’ ತಟ್ಟೆ ನೋಡಿ ಕೇಳಿದರು.

‘ಹೌದು. ಇನ್ನೊಂದು ಕಡೆ ಅಲ್ಲವಲ್ಲ, ಪುಣ್ಯ’ ಅಂದೆ. ಆ ಪದ್ಯದಲ್ಲಿ ಮದುವೆಗೋ ಮಸಣಕ್ಕೋ ಹೋಗು ಅಂದ ಕಡೆಗೆ ಓಡು ಅಂತ ಬರುತ್ತದಲ್ಲ, ಅದನ್ನು ನೆನೆದು ಒಂದು ಚಟಾಕಿ ಹಾರಿಸಿದ್ದು ಅಷ್ಟೇ.

ಅವರು ಜೋರಾಗಿ ನಕ್ಕರು. ‘ಪದ್ಯ ಗೊತ್ತಾ ನಿಮಗೆ? ಹಾಗಾದ್ರೆ ಒಂದು ವಿಷ್ಯ ಹೇಳ್ತೀನಿ. ವಿಧಿ ಅದರ ಸಾಹೇಬ ಅಂತ ಬರೆದಿದ್ದಾರಲ್ಲ ಡಿವಿಜಿ ಸಾಹೇಬ್ರು. ಆ ಸಾಹೇಬ ಯಾರು ಗೊತ್ತಾ? ನಮ್ಮ ತಾತ.’

ನಾನು ತಮಾಷೆ ಅಂದುಕೊಂಡೆ. ಅವರ ಮುಖ ನೋಡಿದರೆ ತಮಾಷೆ ಇರಲಿಲ್ಲ.

‘ತಾತ ಮಾರ್ಕೆಟ್ ಹತ್ರ ಜಟಕಾ ಹೊಡೀತಿದ್ರು. ಅವಾಗ ಬೆಂಗ್ಳೂರಲ್ಲಿ ಜಟಕಾ ಹೊಡೆಯೋರು ಜಾಸ್ತಿ ನಮ್ಮ ಜನಾನೇ. ಬಸವನಗುಡಿ ಬಾಡಿಗೆ ದಿನಾ ಇರ್ತಿತ್ತು. ಡಿವಿಜಿ ಒಂದಿನನಾದ್ರೂ ನಮ್ಮ ತಾತನ ಗಾಡಿ ಹತ್ತಿರ್ತಾರೋ ಇಲ್ವೋ ನೀವೇ ಹೇಳಿ.’

ಇದನ್ನು ಇಲ್ಲ ಅನ್ನಲು ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ. ಇಲ್ಲ ಅನ್ನುವ ಮನಸ್ಸೂ ಇರಲಿಲ್ಲ.

ಲಾರಿ ಅಲ್ಲಾಡಲಿಲ್ಲ. ಅವರು ಜಟಕಾದ ಪಾಠ ಶುರು ಮಾಡಿದರು. ನಾನು ಜಟಕಾ ನೋಡಿದ್ದು ಸಿನಿಮಾದಲ್ಲಿ ಮಾತ್ರ. ಎರಡೇ ಚಕ್ರ, ಆದ್ದರಿಂದ ತೂಕ ಸರಿಯಾಗಿ ಕೂರಬೇಕು. ಜನ ಹಿಂದೆ ಜಾಸ್ತಿ ಕೂತರೆ ಮೂಕಿ, ಅಂದರೆ ಕುದುರೆ ಹೂಡುವ ಮರ, ಮೇಲೆದ್ದು ಕುದುರೆಯ ಹೊಟ್ಟೆಪಟ್ಟಿ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಭಾರವೆಲ್ಲ ಅದರ ಬೆನ್ನಿಗೆ. ‘ಅದಕ್ಕೇ ತಾತ ಪ್ಯಾಸೆಂಜರ್‌ನ ಸುಮ್ನೆ ಕೂರಕ್ಕೆ ಬಿಡ್ತಿರಲಿಲ್ಲ. ಸ್ವಾಮೀ ಮುಂದೆ ಬನ್ನಿ, ಅಮ್ಮಾ ಸ್ವಲ್ಪ ಹಿಂದೆ ಸರೀರಿ, ದಾರಿಯುದ್ದಕ್ಕೂ ಇದೇ.’ ಕೂರುವ ಜಾಗದಲ್ಲಿ ಹುಲ್ಲು ಹಾಸಿ ಮೇಲೆ ಗೋಣಿಚೀಲ ಹೊದಿಸುತ್ತಿದ್ದರಂತೆ. ಪ್ರಯಾಣಿಕರಿಗೆ ಮೆತ್ತನೆ ಸೀಟು, ಸಂಜೆ ಕುದುರೆಗೆ ಅದೇ ಊಟ. ಕಣ್ಣಿನ ಪಕ್ಕಕ್ಕೆ ಚರ್ಮದ ಪಟ್ಟಿ ಇರುವುದರಿಂದ ಕುದುರೆಗೆ ಎದುರಿನ ರಸ್ತೆ ಬಿಟ್ಟು ಬೇರೇನೂ ಕಾಣುವುದಿಲ್ಲ.

‘ಕುದುರೆ ನೀನು ಅಂತ ಬರೆದಿದ್ದಾರಲ್ಲ, ಸರಿಯಾಗೇ ಬರೆದಿದ್ದಾರೆ’ ಅಂದರು. ‘ಆದ್ರೆ ಒಂದು ಕಡೆ ನನಗೆ ತಕರಾರಿದೆ.’

ಡಿವಿಜಿಯ ಮೇಲೆ ತಕರಾರು! ನಾನು ತಟ್ಟೆಯನ್ನು ಪಕ್ಕಕ್ಕಿಟ್ಟು ನೆಟ್ಟಗೆ ಕೂತೆ.

‘ಎಲ್ಲಿಗೆ ಹೋಗ್ಬೇಕು ಅಂತ ಸಾಹೇಬ ಯಾವತ್ತು ಹೇಳಿದ್ದಾನೆ ಸಾರ್? ಹೇಳೋರು ಪ್ಯಾಸೆಂಜರು. ಮದುವೆಗೆ ನಡಿ ಅಂದ್ರೆ ಮದುವೆಗೆ, ಸ್ಮಶಾನಕ್ಕೆ ನಡಿ ಅಂದ್ರೆ ಸ್ಮಶಾನಕ್ಕೆ. ಸಾಹೇಬನೂ ಕೂಲಿಯವನೇ. ಅವನ ಕೈಲಿ ಏನಿದೆ? ಚಾವಟಿ ಇದೆ, ಅಷ್ಟೇ. ವಿಧಿ ಅಂದ್ರೆ ದೊಡ್ಡ ಜನ ಅಂದುಕೊಂಡಿದ್ದಾರೆ ಎಲ್ಲರೂ. ವಿಧಿಗೂ ಬಾಡಿಗೆ ಹುಟ್ಟಬೇಕು, ಸಾಯಂಕಾಲ ಮನೆಗೆ ಅಕ್ಕಿ ತಗೊಂಡು ಹೋಗ್ಬೇಕು.’

ಈ ಪದ್ಯದ ಬಗ್ಗೆ ಭಾಷಣ ಕೇಳಿದ್ದೇನೆ, ವಾಟ್ಸಾಪ್‌ನಲ್ಲಿ ಬಂದ ವಿವರಣೆ ಓದಿದ್ದೇನೆ. ಎಲ್ಲರೂ ಹೇಳುವುದು ಒಂದೇ. ನಮ್ಮ ಕೈಲಿ ಏನಿಲ್ಲ, ವಿಧಿ ಎಳೆದ ಕಡೆ ಹೋಗಬೇಕು. ವಿಧಿಯನ್ನೇ ಬಾಡಿಗೆಗೆ ಕಾಯುವ ಬಡವನನ್ನಾಗಿ ಮಾಡಿದ ವ್ಯಾಖ್ಯಾನ ಕೇಳಿದ್ದು ಅದೇ ಮೊದಲು.

‘ಕೊನೇ ಸಾಲು?’ ಅಂದೆ. ಪದ ಕುಸಿಯೆ ನೆಲವಿಹುದು ಅಂತ ಮುಗಿಯುತ್ತದೆ ಪದ್ಯ. ಕಾಲು ಜಾರಿದರೆ ಹೆದರಬೇಡ, ಕೆಳಗೆ ನೆಲ ಇದೆ ಅಂತ.

ಅವರು ತಕ್ಷಣ ಉತ್ತರ ಕೊಡಲಿಲ್ಲ. ಮುಂದೆ ಇಣುಕಿ ಲಾರಿ ನೋಡಿದರು. ಆಮೇಲೆ ಹೇಳಿದರು: ‘ಟಾರು ರೋಡ್ ಬಂದ್ಮೇಲೆ ಕುದುರೆ ಬೀಳೋದು ಜಾಸ್ತಿ ಆಯ್ತಂತೆ. ಮಣ್ಣಿನ ರೋಡಲ್ಲಿ ಲಾಳ ಕಚ್ಚುತ್ತೆ, ಟಾರಲ್ಲಿ ಜಾರುತ್ತೆ. ಮಳೆ ಬಂದ್ರೆ ಮುಗೀತು. ಬಿದ್ದ ಕುದುರೆ ಏಳಕ್ಕೆ ನೋಡುತ್ತೆ, ಕಾಲು ಮತ್ತೆ ಜಾರುತ್ತೆ, ಮತ್ತೆ ಬೀಳುತ್ತೆ. ಜನ ಸುತ್ತ ನಿಂತು ನೋಡ್ತಾರೆ. ತಾತ ಏನು ಮಾಡ್ತಿದ್ರು ಅಂದ್ರೆ, ಮೊದ್ಲು ಪಟ್ಟಿ ಬಿಚ್ಚಿ ಗಾಡಿ ಹಿಂದಕ್ಕೆ ತಳ್ಳೋರು. ಸೀಟಿನ ಗೋಣಿಚೀಲ ಎಳೆದು ಕುದುರೆ ಕಾಲಿನ ಕೆಳಗೆ ಹಾಸೋರು. ಚೀಲದ ಮೇಲೆ ಕಾಲು ಊರಿ ಅದು ಎದ್ದು ನಿಲ್ತಿತ್ತು. ನೆಲ ಇದೆ ಸಾರ್. ನೆಲ ಎಲ್ಲಿಗೆ ಹೋಗುತ್ತೆ? ಆದ್ರೆ ಚೀಲ ಹಾಸೋರು ಒಬ್ರು ಬೇಕಲ್ವಾ?’

ಲಾರಿ ಸರಿಯಿತು. ಹಿಂದಿನವರು ಹಾರ್ನ್ ಹೊಡೆದರು. ಅವರು ತಿರುಗಿ ಎಂಜಿನ್ ಶುರು ಮಾಡಿದರು, ಮಾತು ಅಲ್ಲಿಗೆ ನಿಂತಿತು. ಛತ್ರದ ಮುಂದೆ ಇಳಿಯುವಾಗ ಮೀಟರಿಗಿಂತ ಜಾಸ್ತಿ ಕೊಡಲು ಹೋದೆ. ‘ಪದ್ಯಕ್ಕೆ ಬಾಡಿಗೆ ಇಲ್ಲ’ ಅಂದು ಚಿಲ್ಲರೆ ಎಣಿಸಿ ವಾಪಸು ಕೊಟ್ಟರು. ತಟ್ಟೆ ಯಾಕೆ ಇಷ್ಟು ತಡ ಅಂತ ಅಕ್ಕ ಬೈದಳು.

ಆಮೇಲೆ ನನಗೆ ಮದುವೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಸಿಕ್ಕ ಬಿಡುವಿನಲ್ಲೆಲ್ಲ ಬಸವನಗುಡಿ ಸುತ್ತಿದೆ. ಊರಿನಲ್ಲಿ ಕವಿಮನೆ ನೋಡಿ ಅಭ್ಯಾಸವಾದ್ದರಿಂದ ಮೊದಲು ಕೇಳಿದ್ದು ಡಿವಿಜಿ ಮನೆ ಎಲ್ಲಿ ಅಂತ. ಎಲ್ಲರೂ ಕೈ ಚಾಚಿ ಡಿವಿಜಿ ರಸ್ತೆ ತೋರಿಸಿದರು. ಗಾಂಧಿಬಜಾರಿನ ಆ ರಸ್ತೆಯಲ್ಲಿ ಸೀರೆ, ಪಾತ್ರೆ, ಚಿನ್ನ, ಕುರುಕಲು ತಿಂಡಿ ಎಲ್ಲ ಸಿಗುತ್ತದೆ. ಹೂವಿನವರ ಸಾಲು ದಾಟಿದರೆ ವಿದ್ಯಾರ್ಥಿ ಭವನ. ಈ ಹೋಟೆಲು ಶುರುವಾದದ್ದು 1943ರಲ್ಲಿ. ಮಂಕುತಿಮ್ಮನ ಕಗ್ಗ ಅಚ್ಚಾದದ್ದೂ 1943ರಲ್ಲೇ. ಎಂಬತ್ತು ವರ್ಷ ದಾಟಿದರೂ ಎರಡಕ್ಕೂ ಗಿರಾಕಿಗಳು ಕಡಿಮೆಯಾಗಿಲ್ಲ. ದೋಸೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ ಬಸವನಗುಡಿಯವರು ಬೇಸರ ಮಾಡಿಕೊಂಡಾರು. ತುಪ್ಪ ಜಾಸ್ತಿ, ಗರಿಗರಿ ಜಾಸ್ತಿ. ನಾನು ನೀರುದೋಸೆಯ ಕಡೆಯವನು. ಸಾಗು ಮಾತ್ರ ಚೆನ್ನಾಗಿದೆ, ಕಾಫಿ ಇನ್ನೂ ಚೆನ್ನಾಗಿದೆ. ಶುಕ್ರವಾರ ಹೋಗಬೇಡಿ, ಅವತ್ತು ರಜೆ.

ಅಲ್ಲಿಂದ ಬ್ಯೂಗಲ್ ರಾಕ್ ಉದ್ಯಾನಕ್ಕೆ ನಡೆದೇ ಹೋಗಬಹುದು. ದೊಡ್ಡ ಬಸವಣ್ಣನ ಗುಡಿಯ ಪಕ್ಕದ ಬಂಡೆ ಅದು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಕಲ್ಲು. ಮೇಲೆ ಕೆಂಪೇಗೌಡರ ಕಾಲದ್ದು ಅನ್ನುವ ಕಾವಲು ಗೋಪುರ, ಮರದ ತುಂಬ ಕಿಚಗುಟ್ಟುವ ಬಾವಲಿಗಳು. ಡಿವಿಜಿ ಪ್ರತಿಮೆ ಇರುವುದು ಇಲ್ಲೇ, 2003ರಲ್ಲಿ ನಿಲ್ಲಿಸಿದ್ದು. ನನಗೆ ಪ್ರತಿಮೆಗಳ ಮೇಲೆ ಅಂಥ ಪ್ರೀತಿಯಿಲ್ಲ. ಎಲ್ಲ ಪ್ರತಿಮೆಗಳೂ ಮನುಷ್ಯನನ್ನು ಗಂಭೀರ ಮಾಡಿಬಿಡುತ್ತವೆ. ಇದೂ ಹಾಗೇ. ಇದನ್ನು ನೋಡಿದವರಿಗೆ ಈ ಮನುಷ್ಯ ಬೆಟ್ಟದ ಮೇಲೆ ಕೂತು ಲೋಕಕ್ಕೆ ಬುದ್ಧಿ ಹೇಳಿದವನು ಅನ್ನಿಸಬೇಕು, ಅಷ್ಟೇ. ಪ್ರತಿಮೆಯ ಮುಂದೆ ಇಬ್ಬರು ಹುಡುಗಿಯರು ರೀಲ್ ಮಾಡುತ್ತಿದ್ದರು. ಅದು ಒಳ್ಳೆಯದೇ ಅನ್ನಿಸಿತು.

ನಾನು ಮೆಚ್ಚಿದ ಜಾಗ ಬೇರೆ. ಬುಲ್ ಟೆಂಪಲ್ ರಸ್ತೆಯಲ್ಲೇ ಮುಂದೆ ಹೋದರೆ ನರಸಿಂಹರಾಜ ಕಾಲೊನಿ ಬರುತ್ತದೆ. ಅಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. ಡಿವಿಜಿ 1945ರಲ್ಲಿ ಕಟ್ಟಿದ್ದು. ಕವಿಯ ನೆನಪಿಗೆ ಅಂತ ಬೇರೆಯವರು ಕಟ್ಟಿದ ಜಾಗ ಅಲ್ಲ ಇದು. ಕವಿಯೇ ಊರಿನ ಜನ ಕೂತು ಓದಲಿ, ರಾಜ್ಯದ ವಿಚಾರ ಮಾತಾಡಲಿ ಅಂತ ಕಟ್ಟಿದ್ದು. ಸಭಾಂಗಣ, ಗ್ರಂಥಾಲಯ, ಹಳೆಯ ಪುಸ್ತಕದ ವಾಸನೆ. ಹೋಗುವ ಮೊದಲು ಗ್ರಂಥಾಲಯದ ಸಮಯ ಕೇಳಿಕೊಂಡು ಹೋಗಿ. ಸಂಜೆ ಉಪನ್ಯಾಸವಿದ್ದರೆ ಕೂತು ಕೇಳಿ, ಯಾರೂ ಯಾಕೆ ಬಂದಿರಿ ಅಂತ ಕೇಳುವುದಿಲ್ಲ.

ಅಲ್ಲಿ ಕೂತು ನಾನು ಹುಡುಕಿದ್ದು ಒಂದೇ ವಿಷಯ. ಜಟಕಾ ಈ ಮನುಷ್ಯನ ತಲೆಗೆ ಹೇಗೆ ಬಂತು?

ಉತ್ತರ ಬೇಗ ಸಿಕ್ಕಿತು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಹುಟ್ಟಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಮೆಟ್ರಿಕ್ ದಾಟಲಿಲ್ಲ. ಹೊಟ್ಟೆಪಾಡಿಗೆ ಕೋಲಾರದ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲಿ ದುಡಿದರು. ಆಮೇಲೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಬಂದವರಿಗೆ ಸಿಕ್ಕ ಕೆಲಸ ಎಲ್ಲಿ ಗೊತ್ತಾ? ಜಟಕಾ ಗಾಡಿಗಳಿಗೆ ಬಣ್ಣ ಹೊಡೆಯುವ ಕಾರ್ಖಾನೆಯಲ್ಲಿ!

ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಟೋದವರ ಫೋನ್ ನಂಬರ್ ತೆಗೆದುಕೊಂಡಿದ್ದರೆ ಅಲ್ಲಿಂದಲೇ ಫೋನ್ ಮಾಡುತ್ತಿದ್ದೆ. ಅವರ ತಾತನ ಗಾಡಿಯನ್ನು ಡಿವಿಜಿ ಹತ್ತಿದ್ದರೋ ಇಲ್ಲವೋ, ಅಂಥ ಗಾಡಿಗಳ ಜೊತೆ ಬಣ್ಣದ ವಾಸನೆಯಲ್ಲಿ ದಿನ ಕಳೆದದ್ದಂತೂ ನಿಜ. ಮೂಕಿ, ಚಕ್ರ, ಹೊಟ್ಟೆಪಟ್ಟಿ, ಬಾಡಿಗೆ ಹುಟ್ಟದೆ ಬಂದು ಕೂರುವ ಸಾಹೇಬರು, ಎಲ್ಲವನ್ನೂ ಹತ್ತಿರದಿಂದ ನೋಡಿದ ಹುಡುಗ ಅವನು. ಐವತ್ತು ದಾಟಿದ ಮೇಲೆ ಪದ್ಯ ಬರೆಯಲು ಕೂತಾಗ ಅರ್ಜುನನ ರಥ ಬರಲಿಲ್ಲ, ಜಟಕಾ ಬಂತು. ಗೀತೆಯ ಮೇಲೆ ದೊಡ್ಡ ಪುಸ್ತಕ ಬರೆದು 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರಿಗೆ ರಥ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಬೆಂಗಳೂರಿನ ಬಾಡಿಗೆ ಗಾಡಿಯೇ ಬೇಕಾಯಿತು.

ಓದುತ್ತಾ ಹೋದ ಹಾಗೆ ಪ್ರತಿಮೆಯ ಮನುಷ್ಯ ಕರಗಿ ಇನ್ನೊಬ್ಬರು ಕಂಡರು. ಈತ ಮೊದಲು ಪತ್ರಕರ್ತ. ಬಣ್ಣದ ಕಾರ್ಖಾನೆ ಬಿಟ್ಟು ಪತ್ರಿಕೆಗಳಿಗೆ ಬರೆದರು, 1913ರಲ್ಲಿ ‘ಕರ್ನಾಟಕ’ ಅನ್ನುವ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಹೊರಡಿಸಿದರು. ವಾರಕ್ಕೆ ಎರಡು ಸಲ ಬರುತ್ತಿತ್ತು. ಆಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಹತ್ತಿರದವರು. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಪತ್ರಕರ್ತರ ಸಮ್ಮೇಳನಕ್ಕೆ ಅಧ್ಯಕ್ಷರು, 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರು. ಮೈಸೂರು ಸಂಸ್ಥಾನದ ಶಾಸನ ಸಭೆಯಲ್ಲೂ ಇದ್ದರು. ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಅದನ್ನು ಮೇಲೆತ್ತಿದರು. ರಾಜ್ಯಶಾಸ್ತ್ರದ ಮೇಲೆ ಕನ್ನಡದಲ್ಲಿ ಪುಸ್ತಕ ಬರೆದರು. ಉಮರ್ ಖಯ್ಯಾಮನನ್ನೂ ಮ್ಯಾಕ್‌ಬೆತ್ ನಾಟಕವನ್ನೂ ಕನ್ನಡಕ್ಕೆ ತಂದರು. ಮೆಟ್ರಿಕ್ ಮುಗಿಸದವರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾಲಯ ಡಿ.ಲಿಟ್. ಕೊಟ್ಟಿತು. 1974ರಲ್ಲಿ ಪದ್ಮಭೂಷಣ ಬಂತು. ಮರುವರ್ಷ ಅಕ್ಟೋಬರ್ 7ರಂದು ತೀರಿಕೊಂಡರು.

ರಾಷ್ಟ್ರಕವಿ ಅನ್ನುವ ಬಿರುದು ಮಾತ್ರ ಬರಲಿಲ್ಲ. ಬಂದಿದ್ದರೆ ಏನು ಮಾಡುತ್ತಿದ್ದರೋ. 1970ರಲ್ಲಿ ರವೀಂದ್ರ ಕಲಾಕ್ಷೇತ್ರದಲ್ಲಿ ದೊಡ್ಡ ಸನ್ಮಾನ ಮಾಡಿ ಲಕ್ಷದ ಹತ್ತಿರ ದುಡ್ಡು ಕೊಟ್ಟರು. ಅಷ್ಟನ್ನೂ ನಾನು ಕೂತಿದ್ದ ಇದೇ ಸಂಸ್ಥೆಗೆ ಕೊಟ್ಟುಬಿಟ್ಟರು. ಡಿವಿಜಿಯ ಬಡತನದ ಬಗ್ಗೆ, ಬ್ಯಾಂಕಿಗೆ ಹಾಕದೆ ಇಟ್ಟ ಚೆಕ್ಕುಗಳ ಬಗ್ಗೆ ಊರಿನಲ್ಲಿ ಬೇಕಾದಷ್ಟು ಕತೆಗಳಿವೆ. ಅವನ್ನು ಹೇಳುವಾಗ ಜನರ ಕಣ್ಣಲ್ಲಿ ನೀರು ಬರುತ್ತದೆ. ನನಗೆ ಆ ಕತೆಗಳಿಗಿಂತ ಈ ಓದುವ ಕೋಣೆಯೇ ಜಾಸ್ತಿ ಹಿಡಿಸಿತು. ಫ್ಯಾನ್ ತಿರುಗುತ್ತಿತ್ತು. ಒಬ್ಬ ಹುಡುಗ ಯಾವುದೋ ಪರೀಕ್ಷೆಗೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಬಡತನದ ಕತೆ ಕೇಳಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ. ಈ ಹುಡುಗ ಇಲ್ಲಿ ಕೂತು ಓದಿ ಎದ್ದು ಹೋಗುತ್ತಾನೆ. ಆಟೋದವರು ಹೇಳಿದ ಗೋಣಿಚೀಲ ಇಂಥದ್ದೇ ಇರಬೇಕು.

ಕಗ್ಗದ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಒಟ್ಟು 945 ಪದ್ಯಗಳು, ಒಂದೊಂದಕ್ಕೂ ನಾಲ್ಕೇ ಸಾಲು. ವಾಟ್ಸಾಪ್‌ನಲ್ಲಿ ಓಡಾಡುವುದು ಅದರಲ್ಲಿ ಇಪ್ಪತ್ತೋ ಮೂವತ್ತೋ. ಸಾಲಿನ ಎರಡನೆಯ ಅಕ್ಷರ ಪ್ರಾಸ ಹಿಡಿಯುತ್ತದೆ, ಬಹಳಷ್ಟು ಪದ್ಯಗಳ ಕೊನೆಗೆ ಮಂಕುತಿಮ್ಮ ಬರುತ್ತಾನೆ. ತಾನು ಕವಿಯೂ ಅಲ್ಲ, ವಿಜ್ಞಾನಿಯೂ ಅಲ್ಲ, ಸುಮ್ನೆ ಅಲೆಯುವವನು ಅಂತ ಒಂದು ಕಡೆ ಬರೆಯುತ್ತಾರೆ. ಪಾಮರ ಜನರ ಮಾತಿನಲ್ಲಿ ಇದನ್ನು ಹೊಂದಿಸಿದ್ದೇನೆ, ಪದ್ಯವಾದರೆ ನೆನಪಿಡುವುದು ಸುಲಭ ಅಂತಲೂ ಹೇಳುತ್ತಾರೆ. ಪಾಮರರ ಮಾತು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಅಷ್ಟೊಂದು ಹಳಗನ್ನಡ ಆಡುವ ಪಾಮರರನ್ನು ನಾನು ತೀರ್ಥಹಳ್ಳಿಯಲ್ಲೂ ನೋಡಿಲ್ಲ, ಮುಳಬಾಗಿಲಿನಲ್ಲೂ ಇರಲಾರರು. ಒಂದೇ ಸಲಕ್ಕೆ ನೂರು ಪದ್ಯ ಓದಿದರೆ ತಲೆ ಭಾರವಾಗುತ್ತದೆ. ಕೊಳಲು, ತಬಲಾ ಸೇರಿಸಿ ಎಕೋ ಹಾಕಿ ಹಾಡಿದ್ದನ್ನಂತೂ ನನಗೆ ಕೇಳಲಾಗುವುದಿಲ್ಲ. ಕಗ್ಗ ಹಾಡುವುದಲ್ಲ, ಹೇಳುವುದು. ಎಂಜಿನ್ ಆಫ್ ಮಾಡಿ, ಹಿಂದಕ್ಕೆ ತಿರುಗಿ ಹೇಳಿದರೆ ಇನ್ನೂ ಚೆನ್ನ.

ಆದರೆ ನೆನಪಿಗೆ ಸುಲಭ ಅಂದದ್ದು ಮಾತ್ರ ಸತ್ಯ. ಕುವೆಂಪು ಅಂದರೆ ನಮಗೆ ಪ್ರಾಣ, ಆದರೆ ಶ್ರೀ ರಾಮಾಯಣ ದರ್ಶನಂನಿಂದ ಒಂದು ಸಾಲು ಹೇಳಿ ಅಂದರೆ ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಜನ ಹೇಳುತ್ತಾರೆ? ನಾಡಗೀತೆ ಹೇಳುತ್ತಾರೆ, ಅದು ಬೇರೆ. ಇಲ್ಲಿ ಒಬ್ಬ ಆಟೋದವರು ನಾಲ್ಕೂ ಸಾಲು ಹೇಳಿದ್ದಲ್ಲದೆ ಕವಿಯ ಜೊತೆ ಜಗಳಕ್ಕೂ ನಿಂತಿದ್ದರು. ನಮ್ಮ ಕವಿಗೆ ಮೆಟ್ರೋ ಸ್ಟೇಷನ್ ಇದೆ, ಕವಿಶೈಲ ಇದೆ. ಕವಿಯ ಜೊತೆ ಜಗಳ ಆಡುವವರನ್ನು ನಮ್ಮೂರಿನಲ್ಲಿ ನಾನು ನೋಡಿಲ್ಲ. ನಾವು ಕೈಮುಗಿದು ಕಾಫಿಗೆ ಹೋಗುತ್ತೇವೆ.

ಗಾಂಧಿಬಜಾರಿನ ಪುಸ್ತಕದಂಗಡಿಯಲ್ಲಿ ತಾತ್ಪರ್ಯ ಇರುವ ಒಂದು ಕಗ್ಗ ಕೊಂಡೆ. ಕಗ್ಗಕ್ಕೆ ಅರ್ಥ ಹೇಳುವ ಪುಸ್ತಕಗಳೇ ಅಲ್ಲಿ ಸಾಲಾಗಿವೆ. ದಪ್ಪ ಇರುವುದನ್ನು ಬಿಟ್ಟುಬಿಡಿ. ಒಂದು ಪದ್ಯಕ್ಕೆ ಒಂದು ಪುಟ ದಾಟಿದರೆ ಓದುವ ನಿಮಗೆ ಯೋಚಿಸಲು ಏನೂ ಉಳಿಯುವುದಿಲ್ಲ. ಡಿವಿಜಿ ಗದ್ಯ ಬೇಕಾದವರು ಜ್ಞಾಪಕ ಚಿತ್ರಶಾಲೆಯ ಸಂಪುಟಗಳನ್ನು ಕೊಳ್ಳಲಿ. ದಿವಾನರು, ವೈದಿಕರು, ಸಂಗೀತಗಾರರು, ಹೀಗೆ ಹಳೆಯ ಮೈಸೂರಿನ ಒಂದು ಸಂತೆಯೇ ಅಲ್ಲಿದೆ. ನನ್ನ ರುಚಿಗೆ ಅದು ಕಗ್ಗಕ್ಕಿಂತ ಒಂದು ತೂಕ ಮೇಲು. ಅದರ ಪಕ್ಕದಲ್ಲೇ ಮಗ ಬಿ.ಜಿ.ಎಲ್. ಸ್ವಾಮಿಯವರ ಹಸುರು ಹೊನ್ನು ಇತ್ತು. ಸಸ್ಯಶಾಸ್ತ್ರದ ಮೇಷ್ಟ್ರು ಕಾಡು ಸುತ್ತಿ ನಗಿಸುತ್ತಾ ಬರೆದ ಪುಸ್ತಕ. 1978ರಲ್ಲಿ ಅದಕ್ಕೂ ಅಕಾಡೆಮಿ ಪ್ರಶಸ್ತಿ ಬಂತು. ಮಲೆನಾಡಿನವರ ಮನೆಯಲ್ಲಿ ಅದು ಇರಲೇಬೇಕು. ನಮ್ಮ ಮನೆಯಲ್ಲಿತ್ತು, ಯಾರೋ ಎರವಲು ಒಯ್ದು ತಂದುಕೊಟ್ಟಿಲ್ಲ.

ಕಗ್ಗ ಕೊಂಡದ್ದು ಹುಡುಗನಿಗೆ ಮುಯ್ಯಿ ಮಾಡಲು. ಆರತಕ್ಷತೆಯಲ್ಲಿ ವೇದಿಕೆ ಹತ್ತಿ ಕೈಗಿಟ್ಟೆ. ಪಕ್ಕದಲ್ಲೇ ನಿಂತಿದ್ದ ಅಕ್ಕ ಅದನ್ನು ತೆಗೆದುಕೊಂಡು ಪುಟ ಬಿಡಿಸಿದಳು. ನಾನು ಗುರುತಿಗೆ ಅಂತ ಆಟೋದ ರಸೀತಿ ಇಟ್ಟಿದ್ದ ಪುಟವೇ ಬಂತು. ಓದಿ ಅವಳ ಮುಖ ಕೆಂಪಾಯಿತು.

‘ಏನೋ ಇದು, ಮದುವೆ ಮನೆಗೆ ಮಸಣದ ಮಾತು ತಂದಿದ್ದೀಯಾ?’

‘ಪದ್ಯದಲ್ಲಿ ಮೊದಲು ಬರೋದು ಮದುವೆನೇ ಅಕ್ಕಾ’ ಅಂದೆ.

ಫೋಟೋದವನು ಎಲ್ಲರೂ ಈ ಕಡೆ ನೋಡಿ ಅಂದ. ಅಕ್ಕ ಪುಸ್ತಕವನ್ನು ಸೆರಗಿನ ಹಿಂದೆ ಮುಚ್ಚಿಟ್ಟುಕೊಂಡು ನಕ್ಕಳು. ಹುಡುಗಿ ಮಾತ್ರ ಮೆಲ್ಲಗೆ ನನ್ನ ಕಡೆ ಬಾಗಿ, ‘ಮಾವ, ಇದರಲ್ಲಿ ಕುದುರೆ ಯಾರು, ನಾನಾ ಅವರಾ?’ ಅಂತ ಕೇಳಿದಳು.